ವಾಚ್ ಕಥೆ, ಭಾಗ 6: 1959 ಅನ್ನೋದು ಕೊರತೆ ಅಲ್ಲ, ಇಸವಿ

ಬ್ರೈಟ್ಲಿಂಗ್ ನ್ಯಾವಿಟೈಮರ್ 806, 1959 ರೀ-ಎಡಿಷನ್. 2019ರಲ್ಲಿ ಬಂತು, 1959 ಪೀಸ್ ಅಷ್ಟೇ, ಮುಗೀತು. ಈಗ ನನ್ನ ಫೀಡ್ ತುಂಬಾ ಒಂದೇ ಮಾತು: "ಇನ್ಮೇಲೆ ಇದು ಬರಲ್ಲ, ಬೆಲೆ ಏರುತ್ತೆ, ಇದು ಖರ್ಚಲ್ಲ, ಇನ್ವೆಸ್ಟ್‌ಮೆಂಟ್." ನಾನಂತೂ ಒಪ್ಪಲ್ಲ.

ವಾಚ್ ಚೆನ್ನಾಗಿಲ್ಲ ಅಂತಿಲ್ಲ ಗುರು. 40.9 ಮಿ.ಮೀ., ಕೈಯಲ್ಲಿ ಕೀ ಕೊಡೋ ಬಿ09 ಯಂತ್ರ, ಮೇಲೆ ಹಳೇ ಕಾಲದ ಥರ ಉಬ್ಬಿದ ಪ್ಲೆಕ್ಸಿಗ್ಲಾಸ್. ಸುತ್ತಲಿನ ಸ್ಲೈಡ್ ರೂಲ್ ತಿರುಗಿಸಿ ಆಗಿನ ಪೈಲಟ್‌ಗಳು ವೇಗ, ದೂರ, ಇಂಧನದ ಲೆಕ್ಕ ಹಾಕ್ತಿದ್ರು. 1962ರಲ್ಲಿ ಸ್ಕಾಟ್ ಕಾರ್ಪೆಂಟರ್ ಇದರದ್ದೇ 24 ಗಂಟೆ ಡಯಲ್‌ನ ಕಾಸ್ಮೊನಾಟ್ ಕಟ್ಕೊಂಡು ಭೂಮಿಗೆ ಮೂರು ಸುತ್ತು ಹಾಕಿ ಬಂದ್ರು. ಆಗ ಅದು ಕೆಲಸದ ಸಾಮಾನು.

ಆದ್ರೆ ಆ 1959 ಅನ್ನೋ ಸಂಖ್ಯೆ ಎಲ್ಲಿಂದ ಬಂತು? ಮೂಲ ವಾಚಿನ ಇಸವಿಯಿಂದ. ಮರುವರ್ಷ ಎವಿಐ 765, 1953 ರೀ-ಎಡಿಷನ್ ತಂದ್ರು, ಸ್ಟೀಲ್‌ನಲ್ಲಿ 1953 ಪೀಸ್. 2022ರಲ್ಲಿ ಮತ್ತೆ ಕಾಸ್ಮೊನಾಟ್, 362 ಪೀಸ್. (ಮೂರು ಸುತ್ತು, 62ನೇ ಇಸವಿ. ನಗು ಬಂತಾ?) ಮಿತಿ ಇರೋದು ಆ ಒಂದು ಮಾಡೆಲ್‌ಗೆ, ಫ್ಯಾಕ್ಟರಿಗಲ್ಲ. ಇನ್ನೊಂದು ಹಳೇ ಇಸವಿ ಹುಡುಕೋದು ಅವರಿಗೆ ಎಷ್ಟು ಹೊತ್ತಿನ ಕೆಲಸ?

"ಪರಂಪರೆ" ಅಂತೀರಾ? 1979ರಲ್ಲಿ ಕ್ವಾರ್ಟ್ಜ್ ಹೊಡೆತಕ್ಕೆ ಸಿಕ್ಕಿ ವಿಲ್ಲಿ ಬ್ರೈಟ್ಲಿಂಗ್ ಈ ಹೆಸರನ್ನೇ ಅರ್ನ್ಸ್ಟ್ ಶ್ನೈಡರ್‌ಗೆ ಮಾರಿದ್ರು. 2017ರಲ್ಲಿ ಬಹುಪಾಲು ಸಿವಿಸಿ ಅನ್ನೋ ಪ್ರೈವೇಟ್ ಈಕ್ವಿಟಿ ಕೈಗೆ ಹೋಯ್ತು. ಈ ರೀ-ಎಡಿಷನ್ ಬಂದದ್ದು ಅದಾದ ಎರಡು ವರ್ಷಕ್ಕೆ. ಬಿಕಾಂ ಪುಸ್ತಕದಲ್ಲಿ ಇದಕ್ಕೆ ಗುಡ್‌ವಿಲ್ ಅಂತಾರೆ. ಅದು ಕಂಪನಿಯ ಆಸ್ತಿ ಸ್ವಾಮಿ, ನಿಮ್ಮ ಮಣಿಕಟ್ಟಿನದ್ದಲ್ಲ.

ಇನ್ನು ನಿಮ್ಮ ಲೆಕ್ಕ. ಬಡ್ಡಿ ಇಲ್ಲ, ಡಿವಿಡೆಂಡ್ ಇಲ್ಲ, ಸರ್ವಿಸ್ ಖರ್ಚು ಮಾತ್ರ ಇದೆ. ಮಾರೋಕೆ ಹೋದ್ರೆ ಡೀಲರ್ ತನ್ನ ಪಾಲು ಮುರ್ಕೊಂಡೇ ಕೊಡ್ತಾನೆ. ಸೆಕೆಂಡ್ ಹ್ಯಾಂಡ್ ದುಬಾರಿ ವಾಚ್‌ಗಳ ಬೆಲೆ 2022ರ ಶುರುವಲ್ಲಿ ತುದಿಗೇರಿ ಆಮೇಲೆ ಇಳೀತು. ಈ ಅರ್ಧ ಕಥೆಯನ್ನ ಆ ರೀಲ್‌ಗಳು ಹೇಳಲ್ಲ, ಯಾಕಂದ್ರೆ ಎಷ್ಟೋ ರೀಲ್ ಮಾಡೋರೇ ಮಾರೋರು.

ಇಷ್ಟ ಆಯ್ತಾ, ದುಡ್ಡಿದೆಯಾ? ಧಾರಾಳವಾಗಿ ತಗೊಳ್ಳಿ, ಕಟ್ಕೊಳ್ಳಿ, ಗೀರು ಬಿದ್ರೂ ಬೀಳ್ಲಿ. ಆದ್ರೆ ನಮ್ಮ ವಯಸ್ಸಿನ ಹುಡುಗರಿಗೆ ಇಎಂಐ ಹಾಕಿಸಿ "ಅಸೆಟ್ ಬ್ರೋ" ಅಂತ ಬೆನ್ನು ತಟ್ಟಬೇಡಿ.

ಕಾಮೆಂಟಲ್ಲಿ ಎಚ್‌ಎಂಟಿ ಪೈಲಟ್ ಕೇಳಿದ್ರಲ್ಲ, ಅದು ಭಾಗ 7ರಲ್ಲಿ.