ಪಿನ್ ಒಂದೇ, ಕೇಬಲ್ ಬೇರೆ ಬೇರೆ

ಮೊಬೈಲ್ ಅಂಗಡಿಗೆ ಹೋಗಿ ‘ಸಿ ಟೈಪ್ ಕೇಬಲ್ ಕೊಡಿ’ ಎಂದರೆ ಮರುಮಾತಿಲ್ಲದೆ ಒಂದನ್ನು ಕೈಗಿಡುತ್ತಾರೆ. ಯಾತಕ್ಕೆ ಎಂದು ಅವರು ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಮನೆಗೆ ತಂದು ಚುಚ್ಚಿದರೆ ಫೋನ್ ಚಾರ್ಜ್ ಆಗುತ್ತದೆ. ಫೋಟೊಗಳನ್ನು ಕಂಪ್ಯೂಟರಿಗೆ ಹಾಕಲು ಹೋದರೆ ಮಾತ್ರ ಫೋನ್ ಅಲ್ಲಿ ಕಾಣಿಸುವುದೇ ಇಲ್ಲ. ಫೋನೇ ಕೆಟ್ಟಿದೆಯೆಂದು ರಿಪೇರಿಗೆ ಒಯ್ಯುವವರಿದ್ದಾರೆ. ಎಷ್ಟೋ ಸಲ ಕೊರತೆ ಇರುವುದು ಕೇಬಲ್ಲಿನಲ್ಲಿ: ಕರೆಂಟ್ ಒಯ್ಯುವ ತಂತಿಗಳಿವೆ, ಡೇಟಾ ಒಯ್ಯುವ ತಂತಿಗಳನ್ನು ಹಾಕಿಯೇ ಇಲ್ಲ.

ಬಿಸ್ಕತ್ ಪೊಟ್ಟಣದ ಮೇಲೆ ಸಕ್ಕರೆ ಎಷ್ಟು, ಕೊಬ್ಬು ಎಷ್ಟು ಎಂದು ಬರೆದಿರುತ್ತದೆ. ಕೇಬಲ್ಲಿನ ಮೇಲೇಕೆ ಬರೆಯುವುದಿಲ್ಲ?

ಯುಎಸ್‌ಬಿ ಹುಟ್ಟಿದ್ದೇ ಗೊಂದಲ ಕಳೆಯಲು. ಮೌಸಿಗೊಂದು, ಪ್ರಿಂಟರಿಗೊಂದು, ಮೋಡೆಮ್ಮಿಗೊಂದು ಎಂದು ಕಂಪ್ಯೂಟರಿನ ಬೆನ್ನ ತುಂಬ ಬೇರೆ ಬೇರೆ ಪೋರ್ಟುಗಳಿದ್ದ ಕಾಲದಲ್ಲಿ, ಇಂಟೆಲ್‌ನಲ್ಲಿದ್ದ ಬರೋಡಾ ಮೂಲದ ಅಜಯ್ ಭಟ್ ಮತ್ತು ಅವರ ತಂಡ ಈ ಕೆಲಸದ ಮುಂಚೂಣಿಯಲ್ಲಿತ್ತು. ಮೊದಲ ಆವೃತ್ತಿ ಬಂದದ್ದು 1996ರಲ್ಲಿ. ಹೇಗೆ ತಿರುಗಿಸಿದರೂ ಕೂರುವ ಟೈಪ್-ಸಿ 2014ರಲ್ಲಿ ಬಂತು. ಐಫೋನ್ 2023ರಲ್ಲಿ ಇದಕ್ಕೆ ಬದಲಾಯಿತು, ನಮ್ಮ ಭಾರತೀಯ ಮಾನಕ ಬ್ಯೂರೊ (ಬಿಐಎಸ್) ಕೂಡ ಟೈಪ್-ಸಿಗೆ ಮಾನಕ ಪ್ರಕಟಿಸಿದೆ. ಯುರೋಪಿಯನ್ ಒಕ್ಕೂಟದಲ್ಲಿ 2024ರ ಡಿಸೆಂಬರ್ 28ರಿಂದ ಹೊಸ ಫೋನುಗಳಿಗೆ ಇದು ಕಡ್ಡಾಯ. ಇಷ್ಟರಮಟ್ಟಿಗೆ ಇದು ಒಳ್ಳೆಯ ಸುದ್ದಿಯೇ. ಆದರೆ ಒಂದಾಗಿದ್ದು ಪಿನ್ ಮಾತ್ರ.

ಒಂದೇ ಪಿನ್ನಿನ ಎರಡು ಕೇಬಲ್‌ಗಳಲ್ಲಿ ಒಂದು ಸೆಕೆಂಡಿಗೆ 480 ಮೆಗಾಬಿಟ್ ಒಯ್ಯಬಹುದು, ಇನ್ನೊಂದು 10 ಗಿಗಾಬಿಟ್. ಎರಡೂ ತುದಿಗೆ ಸಿ ಪಿನ್ ಇರುವ ಮಾಮೂಲಿ ಕೇಬಲ್ 60 ವ್ಯಾಟ್‌ವರೆಗೆ ತಾಳುತ್ತದೆ. ಅದಕ್ಕಿಂತ ಹೆಚ್ಚು ಕರೆಂಟ್ ಹರಿಯಬೇಕಾದರೆ ‘ನಾನು ತಾಳಬಲ್ಲೆ’ ಎಂದು ಚಾರ್ಜರಿಗೆ ತಿಳಿಸುವ ಪುಟ್ಟ ಚಿಪ್ ಕೇಬಲ್ಲಿನ ತುದಿಯಲ್ಲಿರಬೇಕು. ದೊಡ್ಡ ಲ್ಯಾಪ್‌ಟಾಪ್ ಫೋನಿನ ಕೇಬಲ್ಲಿನಲ್ಲಿ ನಿಧಾನ ಚಾರ್ಜ್ ಆಗುವುದಕ್ಕೆ ಇದೂ ಒಂದು ಕಾರಣ. ಫೋನನ್ನು ಟಿವಿಗೆ ಜೋಡಿಸಲು ಎಚ್‌ಡಿಎಂಐ ಅಡಾಪ್ಟರ್ ತಂದು ನಿರಾಶರಾದವರೂ ಬಹಳ. ಮಾಮೂಲಿ ಅಡಾಪ್ಟರ್ ಕೆಲಸ ಮಾಡಬೇಕಾದರೆ ಪೋರ್ಟಿನಿಂದ ವಿಡಿಯೊ ಹೊರಬರುವ ವ್ಯವಸ್ಥೆ ಫೋನಿನಲ್ಲೇ ಇರಬೇಕು, ಅಗ್ಗದ ಫೋನುಗಳಲ್ಲಿ ಸಾಮಾನ್ಯವಾಗಿ ಅದಿಲ್ಲ.

ದುಡ್ಡು ದಂಡವಾಗುವುದು ಒಂದು ಕಡೆ, ಅಪಾಯ ಇನ್ನೊಂದು ಕಡೆ. ಹಳೆಯ ಅಗಲ ಪಿನ್ನಿನಿಂದ ಸಿ ಪಿನ್ನಿಗೆ ಹೋಗುವ ಕೇಬಲ್ಲಿನಲ್ಲಿ 56 ಕಿಲೋಓಮ್‌ನ ರೆಸಿಸ್ಟರ್ ಇರಬೇಕೆಂಬುದು ನಿಯಮ. ಅಲ್ಲಿ ತಪ್ಪು ಅಳತೆಯದನ್ನು ಹಾಕಿದರೆ, ಎದುರಿಗಿರುವುದು ಬಲವಾದ ಚಾರ್ಜರ್ ಎಂದು ಫೋನ್ ಭಾವಿಸಿ ಬಡಪಾಯಿ ಪೋರ್ಟಿನಿಂದ ಮಿತಿಮೀರಿ ಕರೆಂಟ್ ಎಳೆಯುತ್ತದೆ. ಗೂಗಲ್ ಎಂಜಿನಿಯರ್ ಬೆನ್ಸನ್ ಲ್ಯೂಂಗ್ 2015ರಿಂದ ಮಾರುಕಟ್ಟೆಯ ಕೇಬಲ್‌ಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದರು. ತಂತಿಗಳನ್ನೇ ತಪ್ಪಾಗಿ ಬೆಸೆದಿದ್ದ ಒಂದು ಕೇಬಲ್ 2016ರಲ್ಲಿ ಅವರ ಲ್ಯಾಪ್‌ಟಾಪನ್ನೇ ಸುಟ್ಟಿತು.

ಹಳೆಯ ಚಾರ್ಜರಿಗೆ ಸಿಕ್ಕಿಸಿ ಸಿ ಕೇಬಲ್ ಬಳಸಲೆಂದು ಮಾರುವ ಪುಟ್ಟ ಅಡಾಪ್ಟರ್ ಗೊತ್ತಲ್ಲ, ಒಂದು ಕಡೆ ಅಗಲ ಪಿನ್, ಇನ್ನೊಂದು ಕಡೆ ಸಿ ಪೋರ್ಟ್? ಅದಕ್ಕೆ ಯುಎಸ್‌ಬಿ ನಿಯಮಗಳಲ್ಲಿ ಅನುಮತಿಯೇ ಇಲ್ಲ. ಅಂಥ ಎರಡನ್ನು ಒಂದು ಸಿ ಕೇಬಲ್ಲಿನ ಎರಡು ತುದಿಗೆ ಹಾಕಿದರೆ ಕರೆಂಟ್ ಕೊಡುವ ಎರಡು ಯಂತ್ರಗಳು ನೇರ ಎದುರುಬದುರಾಗುತ್ತವೆ. ಆದರೂ ಅದು ಎಲ್ಲೆಡೆ ಸಿಗುತ್ತದೆ.

ಅಡಾಪ್ಟರ್ ಎಂದರೇ ಕೆಟ್ಟದ್ದಲ್ಲ. ಮದುವೆಯ ಫೋಟೊಗಳನ್ನು ಸ್ಟುಡಿಯೊದವರು ಪೆನ್‌ಡ್ರೈವಿನಲ್ಲಿ ಕೊಡುತ್ತಾರೆ. ಕಂಪ್ಯೂಟರ್ ಇಲ್ಲದ ಮನೆಯಲ್ಲಿ ಅಜ್ಜಿಗೆ ಅವನ್ನು ಫೋನಿನಲ್ಲೇ ತೋರಿಸಲು, ಪೆನ್‌ಡ್ರೈವನ್ನು ಫೋನಿಗೆ ಜೋಡಿಸುವ ಒಂದು ಒಟಿಜಿ ಅಡಾಪ್ಟರ್ ಸಾಕು. ಅದೇ ಒಟಿಜಿಗೆ ಕೀಬೋರ್ಡ್ ಹಾಕಿದರೆ ವಿದ್ಯಾರ್ಥಿ ಫೋನಿನಲ್ಲೇ ಪ್ರಬಂಧ ಬರೆಯಬಹುದು. ಇಷ್ಟು ಉಪಕಾರಿಯಾದ ವಸ್ತುವನ್ನು ಜನ ಕತ್ತಲಲ್ಲಿ ಕೊಳ್ಳುವಂತಾಗಬಾರದು.

ಪೊಟ್ಟಣದ ಸರಕಿನ ಮೇಲೆ ಬೆಲೆ, ತಯಾರಕ ಅಥವಾ ಆಮದುದಾರರ ವಿಳಾಸ ಇರಬೇಕೆಂದು 2011ರ ನಿಯಮಗಳು ಈಗಾಗಲೇ ಹೇಳುತ್ತವೆ. ಕೇಬಲ್ಲಿನ ಮಟ್ಟಿಗೆ ಇನ್ನೆರಡು ಸಾಲು ಸೇರಲಿ: ಎಷ್ಟು ವ್ಯಾಟ್, ಎಷ್ಟು ವೇಗ. ಪೊಟ್ಟಣ ಕಸಕ್ಕೆ ಹೋಗುವುದರಿಂದ ಅದನ್ನು ಪಿನ್ನಿನ ಮೇಲೆಯೇ ಅಚ್ಚು ಹಾಕಲಿ. ಪ್ರಮಾಣಿತ ಕೇಬಲ್‌ಗಳಿಗೆ 60 ವ್ಯಾಟ್, 240 ವ್ಯಾಟ್ ಎಂಬ ಗುರುತನ್ನು ಯುಎಸ್‌ಬಿ ಸಂಸ್ಥೆಯೇ ರೂಪಿಸಿದೆ, ಹೊಸದಾಗಿ ಕಂಡುಹಿಡಿಯಬೇಕಾದ್ದೇನೂ ಇಲ್ಲ.

ಅಲ್ಲಿಯವರೆಗೆ ಅಂಗಡಿಯಲ್ಲಿ ಕೇಳಿ: ಇದರಲ್ಲಿ ಡೇಟಾ ಹೋಗುತ್ತದೆಯೇ, ಎಷ್ಟು ವ್ಯಾಟ್ ತಾಳುತ್ತದೆ? ಉತ್ತರ ಗೊತ್ತಿಲ್ಲದ ಕಡೆ ಕೊಳ್ಳಬೇಡಿ. ಡೇಟಾ ಕೇಬಲ್ ಎಂದು ಹೇಳಿ ಬರೀ ಚಾರ್ಜಿಂಗಿನದನ್ನು ಕೊಟ್ಟಿದ್ದರೆ ಬಿಲ್ ಹಿಡಿದು ವಾಪಸ್ ಹೋಗಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.