ಅಧ್ಯಯನ ಅಘನಾಶಿನಿಯಲ್ಲಿ, ಉದ್ಯಮ ಬೆಂಗಳೂರಿನಲ್ಲಿ

ಭಟ್ಕಳ: ರಾಜ್ಯ ಸಚಿವ ಸಂಪುಟ 2025ರ ನವೆಂಬರ್‌ನಲ್ಲಿ ಒಪ್ಪಿಗೆ ನೀಡಿದ ನವೋದ್ಯಮ ನೀತಿ ಐದು ವರ್ಷಗಳಲ್ಲಿ 25 ಸಾವಿರ ಸ್ಟಾರ್ಟ್‌ಅಪ್‌ಗಳ ಗುರಿ ಇಟ್ಟುಕೊಂಡಿದೆ. ಅವುಗಳಲ್ಲಿ 10 ಸಾವಿರ ಬೆಂಗಳೂರಿನ ಹೊರಗೆ ತಲೆಯೆತ್ತಬೇಕು. ‘ಹೊರಗೆ’ ಎಂದರೆ ಎಲ್ಲಿ ಎಂಬ ಪ್ರಶ್ನೆಗೆ ಸರ್ಕಾರದ ಬಳಿ ಸಿದ್ಧ ಉತ್ತರವಿದೆ: ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ-ಬೆಳಗಾವಿ. ಮಂಗಳೂರು ಮತ್ತು ಹುಬ್ಬಳ್ಳಿಯ ನಡುವಿನ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳು ಈ ನಕ್ಷೆಯಲ್ಲಿ ಹಾದುಹೋಗುವ ದಾರಿ ಮಾತ್ರ.

ಇಲ್ಲಿ ಜ್ಞಾನದ ಕೊರತೆ ಇದೆ ಎನ್ನುವಂತಿಲ್ಲ. ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ. ಶಿರಸಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅರಣ್ಯ ಮಹಾವಿದ್ಯಾಲಯ ಇದೆ. ಭಟ್ಕಳದ ಅಂಜುಮನ್ ಎಂಜಿನಿಯರಿಂಗ್ ಕಾಲೇಜು 1980ರಷ್ಟು ಹಳೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂತೂ ಕುಮಟಾದಲ್ಲಿಯೇ ಕ್ಷೇತ್ರ ಕೇಂದ್ರ ತೆರೆದು ದೀರ್ಘಕಾಲ ಅಧ್ಯಯನ ನಡೆಸಿದೆ.

ಆ ಸಂಸ್ಥೆಯ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದ ವರದಿಯೊಂದನ್ನು ಇಲ್ಲಿ ನೆನೆಯಬೇಕು. ಅಘನಾಶಿನಿ ಅಳಿವೆಯಲ್ಲಿ ವರ್ಷಕ್ಕೆ 22,006 ಟನ್ ಬಳಚು ಮೊದಲಾದ ಚಿಪ್ಪುಜೀವಿಗಳು ದೊರೆಯುತ್ತವೆ, 2,347 ಮಂದಿ ಅವನ್ನು ಆರಿಸಿ ಬದುಕುತ್ತಾರೆ, ಒಟ್ಟು ಮೌಲ್ಯ 5.78 ಕೋಟಿ ರೂಪಾಯಿ ಎಂದು ಅದು ಅಂದಾಜಿಸಿತ್ತು. ಭಾಗಿಸಿ ನೋಡಿದರೆ ಕಿಲೋಗೆ ಮೂರು ರೂಪಾಯಿಗೂ ಕಡಿಮೆ! ಶುದ್ಧೀಕರಣ, ಶೀತಲೀಕರಣ, ಸಂಸ್ಕರಣೆ, ಪ್ಯಾಕಿಂಗ್ ಎಂಬ ನಾಲ್ಕು ಹೆಜ್ಜೆಗಳಲ್ಲಿ ಬೆಲೆ ಎಷ್ಟೋ ಪಟ್ಟು ಏರಬಹುದಾದ ಸರಕು ಅದು. ಉದ್ಯಮಿಯೊಬ್ಬನಿಗೆ ಇದಕ್ಕಿಂತ ಸ್ಪಷ್ಟವಾದ ಅವಕಾಶವನ್ನು ಯಾವ ಸಮೀಕ್ಷೆ ತೋರಿಸೀತು?

ಇದೇ ಸಂಸ್ಥೆಯ ನಾಲ್ವರು ಪ್ರಾಧ್ಯಾಪಕರು 2000ರಲ್ಲಿ ಬೆಂಗಳೂರಿನಲ್ಲಿ ‘ಸ್ಟ್ರ್ಯಾಂಡ್ ಜೀನೋಮಿಕ್ಸ್’ ಕಂಪೆನಿ ಸ್ಥಾಪಿಸಿದ್ದರು. ಪ್ರಯೋಗಾಲಯದ ವಿದ್ಯೆ ಮಾರುಕಟ್ಟೆ ತಲುಪಲು ಅಲ್ಲಿ ಬಂಡವಾಳ, ವಕೀಲರು, ಗಿರಾಕಿಗಳು ಎಲ್ಲವೂ ಕೈಗೆಟಕುವ ದೂರದಲ್ಲಿದ್ದವು. ಕುಮಟಾದ ವರದಿಗೆ ಆ ಭಾಗ್ಯವಿರಲಿಲ್ಲ. ಹಾಗೆಂದು ಆ ಶ್ರಮ ವ್ಯರ್ಥವಾಯಿತೆನ್ನುವುದು ಅನ್ಯಾಯ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದೆ, ಅದರ ಮಹತ್ವವನ್ನು ಲೋಕಕ್ಕೆ ತಿಳಿಸಿದ್ದು ಇಂತಹ ಅಧ್ಯಯನಗಳೇ. ಸಂಶೋಧನೆಯೆಲ್ಲ ಕಂಪೆನಿಯಾಗಬೇಕೆಂಬ ಹಟವೂ ಬೇಕಿಲ್ಲ. ಆದರೆ ಚಿಪ್ಪು ಆರಿಸುವ ಹೆಂಗಸರ ಮಟ್ಟಿಗೆ ಅಧ್ಯಯನ ಅಂದಾಜು ಪಟ್ಟಿಗೆ ನಿಂತುಬಿಟ್ಟಿತು ಎಂಬುದನ್ನು ಅಲ್ಲಗಳೆಯುವಂತಿಲ್ಲ.

ನಡುವಣ ಕೊಂಡಿಯಾಗಬೇಕಾದುದು ಸ್ಥಳೀಯ ಕಾಲೇಜು. ಉತ್ತರ ಕನ್ನಡ ಜಿಲ್ಲೆಗೆ ಸ್ವಂತ ವಿಶ್ವವಿದ್ಯಾಲಯವಿಲ್ಲ. ಪದವಿ ಕಾಲೇಜುಗಳು ಧಾರವಾಡದತ್ತ, ಎಂಜಿನಿಯರಿಂಗ್ ಕಾಲೇಜುಗಳು ಬೆಳಗಾವಿಯ ವಿಟಿಯು ಕಡೆ ಮುಖ ಮಾಡಿವೆ. ಸಂಯೋಜಿತ ಕಾಲೇಜಿನಲ್ಲಿ ಪಠ್ಯವೂ ಪ್ರಶ್ನೆಪತ್ರಿಕೆಯೂ ದೂರದಿಂದ ಬರುತ್ತವೆ. ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ಅಂಕ ಬಿದ್ದೊಡನೆ ಯಂತ್ರದ ಮಾದರಿ ಮೂಲೆ ಸೇರುತ್ತದೆ, ವಿದ್ಯಾರ್ಥಿ ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಭಟ್ಕಳದವನಾದರೆ ಕೊಲ್ಲಿಯ ವಿಮಾನ. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಬೋಧನೆಯ ಗಣನೀಯ ಭಾಗ ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ಮುಂದಿನ ವರ್ಷ ತಾನೇ ಇರುವ ಖಾತರಿ ಇಲ್ಲದವರು ಐದು ವರ್ಷ ಬೇಡುವ ಉದ್ಯಮಕ್ಕೆ ಬೆನ್ನಾಗಿ ನಿಲ್ಲುವುದಾದರೂ ಹೇಗೆ?

ಸರ್ಕಾರಕ್ಕೆ ಇದು ತಿಳಿಯದ್ದಲ್ಲ. 2015ರ ಸ್ಟಾರ್ಟ್‌ಅಪ್ ನೀತಿಯೇ ಬೆಂಗಳೂರಿನ ಹೊರಗಿನ ಕಾಲೇಜುಗಳಲ್ಲಿ ಇನ್‌ಕ್ಯುಬೇಷನ್ ಜಾಲ ಹೆಣೆಯಲು, ಸ್ಥಳೀಯ ಸಮಸ್ಯೆಗಳಿಗೆ ವಿದ್ಯಾರ್ಥಿಗಳಿಂದ ಪರಿಹಾರ ಪಡೆಯಲು ಹೊರಟಿತ್ತು. ಅದು ಬೇರೂರಿದ್ದು ಮೊದಲೇ ಗಟ್ಟಿಯಾಗಿದ್ದ ಕಡೆ. ಹುಬ್ಬಳ್ಳಿಯಲ್ಲಿ 1947ರ ಬಿವಿಬಿ ಕಾಲೇಜು 2015ರಲ್ಲಿ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿ ಪಠ್ಯದ ಸ್ವಾತಂತ್ರ್ಯ ಪಡೆಯಿತು. ಜೊತೆಗೆ ದೇಶಪಾಂಡೆ ಪ್ರತಿಷ್ಠಾನದ ಆಸರೆಯಿತ್ತು. ಹುಬ್ಬಳ್ಳಿ ಮೂಲದ ಗುರುರಾಜ ದೇಶಪಾಂಡೆ ಇದೇ ಉದ್ದೇಶಕ್ಕೆ 2002ರಲ್ಲಿ ಅಮೆರಿಕದ ಎಂಐಟಿಯಲ್ಲಿ ಕೇಂದ್ರ ಸ್ಥಾಪಿಸಲು ನೆರವಾದವರು. ಪ್ರಾಧ್ಯಾಪಕರ ಪ್ರಯೋಗ ಕಂಪೆನಿಯಾಗುವ ಮುನ್ನಿನ ಘಟ್ಟದಲ್ಲಿ, ಅಂದರೆ ಯಾವ ಹೂಡಿಕೆದಾರನೂ ಮುಂದೆ ಬಾರದ ಹೊತ್ತಿನಲ್ಲಿ, ಹಣ ಒದಗಿಸುವುದು ಆ ಕೇಂದ್ರದ ಕೆಲಸ. ಕರಾವಳಿಗೆ ಬೇಕಿರುವುದೂ ಅದೇ. ಹವಾನಿಯಂತ್ರಿತ ಕೊಠಡಿ, ನಾಮಫಲಕ ಆಮೇಲಿನ ಮಾತು.

ಸಮಸ್ಯೆಗಳಿಗೇನು ಬರವೇ? ಭಟ್ಕಳ ತಾಲ್ಲೂಕಿನ ಮಲ್ಲಿಗೆಗೆ ಮದುವೆಯ ಹಂಗಾಮಿನಲ್ಲಿ ಚಿನ್ನದ ಬೆಲೆ, ಆಷಾಢದಲ್ಲಿ ಕೇಳುವವರಿಲ್ಲ. ಬಿಡಿಸಿದ ಮೊಗ್ಗಿನ ಆಯುಷ್ಯವೋ ಒಂದೆರಡು ದಿನ. ಆ ಆಯುಷ್ಯವನ್ನು ನಾಲ್ಕು ದಿನಕ್ಕೆ ಏರಿಸುವ ಅಗ್ಗದ ಪೆಟ್ಟಿಗೆಯೊಂದು ಕಾಲೇಜಿನ ಪ್ರಯೋಗಾಲಯಕ್ಕೆ ಮೀರಿದ ಕೆಲಸವೇನಲ್ಲ. ಕುಮಟಾದ ಗಜನಿಗಳಲ್ಲಿ ಉಪ್ಪುನೀರನ್ನೂ ನೆರೆಯನ್ನೂ ತಾಳಿ ಬೆಳೆಯುವ ಕಗ್ಗ ಭತ್ತಕ್ಕೆ ಹವಾಮಾನ ಬದಲಾವಣೆಯ ಈ ಕಾಲದಲ್ಲಿ ದೊಡ್ಡ ಬೇಡಿಕೆ ಬರಬಹುದು.

ಬಂದಾಗ ಲಾಭ ಯಾರದು ಎಂಬ ಪ್ರಶ್ನೆಯನ್ನು ಈಗಲೇ ಇತ್ಯರ್ಥ ಮಾಡಿಕೊಳ್ಳುವುದು ಕ್ಷೇಮ. ವಿಶ್ವವಿದ್ಯಾಲಯ ಮತ್ತು ಉದ್ಯಮದ ಒಪ್ಪಂದಗಳಲ್ಲಿ ಸಂಸ್ಥೆ, ಸಂಶೋಧಕ, ಹೂಡಿಕೆದಾರ ಇರುತ್ತಾರೆ. ತಲೆಮಾರುಗಳಿಂದ ಬೀಜ ಕಾಪಾಡಿದ ರೈತನಿಗೆ ಅಲ್ಲಿ ಸಾಮಾನ್ಯವಾಗಿ ಸಹಿ ಹಾಕುವ ಜಾಗವಿರುವುದಿಲ್ಲ. 2002ರ ಜೀವವೈವಿಧ್ಯ ಕಾಯ್ದೆ ಪ್ರತಿ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದಿದೆ, ಲಾಭ ಹಂಚಿಕೆಗೆ ದಾರಿ ತೋರಿದೆ. ಕುಮಟಾದ ಗಜನಿಯಿಂದ ಭಟ್ಕಳದ ಬೆಳಕೆಯವರೆಗಿನ ಪಂಚಾಯಿತಿಗಳಲ್ಲಿ ಈ ಸಮಿತಿಗಳು ಕಡತದಿಂದ ಹೊರಬಂದು, ಕಾಲೇಜುಗಳು ತಮ್ಮ ಊರಿನ ಬೆಳೆ, ಬೀಜ, ಜಲಚರಗಳ ದಾಖಲಾತಿಗೆ ವಿದ್ಯಾರ್ಥಿಗಳನ್ನು ಕಳುಹಿಸುವುದಾದರೆ ಅದಕ್ಕೆ ಹೊಸ ನೀತಿಯ ಅನುದಾನಕ್ಕಾಗಿ ಕಾಯಬೇಕಿಲ್ಲ.