ಪರಸ್ಥಳದ ಗೆಲುವು

ಸೋಲುವುದನ್ನೇ ರೂಢಿಮಾಡಿಕೊಂಡ ತಂಡವೊಂದನ್ನು ಮನೆಮಂದಿಯೆಲ್ಲ ಕೂಡಿ ವರ್ಷಾನುಗಟ್ಟಲೆ ನೆಚ್ಚಿಕೊಂಡಿರುವುದು ಜಾಣತನವೋ ಅಲ್ಲವೋ ನಾವು ಹೇಳಲಾರೆವು. ಹುಲಗೋಳದ ನಮ್ಮ ಮನೆಯಲ್ಲಿ ಅದು ನಡೆದುಬಂದಿದೆ. ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡವು 2008ರ ಏಪ್ರಿಲ್ 18ರಂದು ತನ್ನ ಮೊತ್ತಮೊದಲ ಪಂದ್ಯವನ್ನು ಕೋಲ್ಕತ್ತೆಯವರೊಡನೆ ಆಡಿ, 82 ರನ್ನುಗಳಿಗೆ ಕುಸಿದು, 140 ರನ್ನುಗಳಿಂದ ಸೋತಿತು. ಮುಂದೆ 2009, 2011, 2016ರಲ್ಲಿ ಅಂತಿಮ ಪಂದ್ಯದವರೆಗೆ ಹೋಗಿ ಬರಿಗೈಯಲ್ಲಿ ಮರಳಿತು. ‘ಈ ಸಲ ಕಪ್ ನಮ್ದೇ’ ಎಂಬ ಘೋಷವು ಮೊದಲು ಆಸೆಯ ಮಾತಾಗಿದ್ದು ಬರಬರುತ್ತ ನೆರೆಯವರ ಹಾಸ್ಯಕ್ಕೆ ಒದಗುವ ಮಾತಾಯಿತು. 2024ರಲ್ಲಿ ಸ್ಮೃತಿ ಮಂಧಾನಾ ಅವರ ನಾಯಕತ್ವದಲ್ಲಿ ಇದೇ ಹೆಸರಿನ ಮಹಿಳೆಯರ ತಂಡವು ತಮ್ಮ ಪಂದ್ಯಾವಳಿಯ ಕಪ್ಪನ್ನು ಗೆದ್ದುಬಂದಾಗ, ನಮ್ಮ ಮನೆಯ ಹೆಂಗಸರು ಅಡಿಗೆಮನೆಯಿಂದಲೇ ಆಡಿದ ಮಾತನ್ನು ಇಲ್ಲಿ ಬರೆಯದಿರುವುದು ಲೇಸು.

2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬಿನವರನ್ನು 6 ರನ್ನುಗಳಿಂದ ಸೋಲಿಸಿ ಗಂಡಸರ ತಂಡವೂ ಕಪ್ಪನ್ನು ಪಡೆದುದು ವಾಚಕರಿಗೆ ತಿಳಿದೇ ಇದೆ. ಮರುದಿನ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿಗೆ ಸಿಕ್ಕಿ 11 ಮಂದಿ ಪ್ರಾಣಬಿಟ್ಟರು. ಎಳೆಯ ವಯಸ್ಸಿನವರೇ ಹೆಚ್ಚು. ಅಂದಿನಿಂದ ಆ ಕಪ್ಪಿನ ಮಾತೆತ್ತಲು ನಮಗೆ ನಾಲಗೆ ಏಳುವುದಿಲ್ಲ. ಆ ವರ್ಷದ ಆಟದ ಪ್ರಸ್ತಾಪ ಬಂದಾಗಲೆಲ್ಲ ನಮ್ಮ ಜಗಲಿಯ ಮಾತು ತಾನಾಗಿಯೇ ಹಿಂದಕ್ಕೆ ಸರಿದು, ತಂಡವು ಇನ್ನೂ ಏನನ್ನೂ ಸಂಪಾದಿಸಿರದಿದ್ದ ಮೊದಲಿನ ನಾಲ್ಕೈದು ವಾರಗಳಲ್ಲಿ ನಿಲ್ಲುತ್ತದೆ.

ಅದರ ಹಿಂದಿನ ವರ್ಷ ಮೊದಲ ಎಂಟು ಪಂದ್ಯಗಳಲ್ಲಿ ಏಳನ್ನು ಸೋತ ತಂಡವಿದು. ಆದುದರಿಂದ ಮಾರ್ಚಿ 22ರಂದು ಕೋಲ್ಕತ್ತೆಯ ಈಡನ್ ಮೈದಾನದಲ್ಲಿ, ಎದುರಾಳಿಗಳ 174 ರನ್ನುಗಳನ್ನು ಹದಿನೇಳನೆಯ ಓವರಿನಲ್ಲಿಯೇ ದಾಟಿ ಗೆದ್ದಾಗ ನಾವು ಅಷ್ಟಾಗಿ ಹಿಗ್ಗಲಿಲ್ಲ. 2017ರಲ್ಲಿ ಇದೇ ಮೈದಾನದಲ್ಲಿ ತಂಡವೆಲ್ಲ 49 ರನ್ನುಗಳಿಗೆ ಉರುಳಿದ್ದನ್ನು ಕಂಡ ಕಣ್ಣುಗಳಿವು. ರಜತ್ ಪಾಟೀದಾರರೆಂಬ ಹೊಸ ನಾಯಕನ ಮೊದಲ ಪಂದ್ಯ, ಅದೃಷ್ಟ ಕೈಹಿಡಿಯಿತು ಎಂದುಕೊಂಡು ಊಟಕ್ಕೆ ಎದ್ದೆವು.

ಮಾರ್ಚಿ 28ರಂದು ಚೆನ್ನೈ. ಅಲ್ಲಿ ನಮ್ಮವರು ಗೆದ್ದದ್ದು 2008ರಲ್ಲಿ. ಆಮೇಲೆ ಹೋದಾಗಲೆಲ್ಲ ಸೋಲು. ಆ ವರ್ಷ ಹುಟ್ಟಿದ ನಮ್ಮ ಮನೆಯ ಹುಡುಗನಿಗೆ ಮೀಸೆ ಚಿಗುರಿತ್ತು. ನಮ್ಮವರು 196 ರನ್ನು ಮಾಡಿದರು. ಹೇಜಲ್‌ವುಡ್ಡನ ಚೆಂಡುಗಳಿಗೆ ಎದುರಾಳಿಗಳ ವಿಕೆಟ್ಟುಗಳು ಬೀಳತೊಡಗಿದುವು. ಧೋನಿಯವರು ಒಂಬತ್ತನೆಯವರಾಗಿ ಆಡಲು ಬರುವ ಹೊತ್ತಿಗೆ ಆಟ ಮುಗಿದಂತೆಯೇ ಇತ್ತು. ಐವತ್ತು ರನ್ನುಗಳ ಗೆಲುವು. ಒಂದು ದಿನ ಬಿಟ್ಟು ಯುಗಾದಿ. ವಿಶ್ವಾವಸು ಸಂವತ್ಸರದ ಪಂಚಾಂಗವನ್ನು ಓದಿ ಆಯವ್ಯಯಗಳನ್ನು ಹೇಳುತ್ತಿದ್ದಾಗ ಆ ಹುಡುಗನು ತಂಡದ ರಾಶಿ ಯಾವುದೆಂದು ಕೇಳಿಯೇಬಿಟ್ಟನು. ‘ರಾ’ ಅಕ್ಷರದಿಂದ ಹೆಸರು ಮೊದಲಾಗುವುದರಿಂದ ತುಲಾರಾಶಿಯೆಂದು ಉತ್ತರ ಬಂದಿತು. ಗದರಿಸಬೇಕಾಗಿದ್ದ ನಾವು ತುಲಾರಾಶಿಯ ಫಲವನ್ನು ಎರಡು ಸಲ ಓದಿಸಿ ಕೇಳಿದೆವು.

ಏಪ್ರಿಲ್ 7ರಂದು ಮುಂಬಯಿಯ ವಾಂಖೆಡೆಯಲ್ಲಿ ನಡೆದುದು ಇನ್ನೂ ಸ್ವಾರಸ್ಯದ್ದು. ಅಲ್ಲಿಯೂ ಹತ್ತು ವರ್ಷಗಳಿಂದ ಗೆಲುವಿರಲಿಲ್ಲ. ಮುಂಬಯಿಯ ನಾಯಕ ಹಾರ್ದಿಕ್ ಪಾಂಡ್ಯ 15 ಚೆಂಡುಗಳಲ್ಲಿ 42 ರನ್ನು ಚಚ್ಚಿ ಔಟಾದರು. ಕೊನೆಯ ಓವರಿನಲ್ಲಿ 19 ರನ್ನು ಬೇಕಾಗಿದ್ದಾಗ ನಮ್ಮ ಪರವಾಗಿ ಚೆಂಡು ಹಿಡಿದವರು ಆತನ ಒಡಹುಟ್ಟಿದ ಅಣ್ಣ ಕೃಣಾಲ್. ಅಣ್ಣನು ಆ ಓವರಿನಲ್ಲಿ ಮೂರು ವಿಕೆಟ್ಟು ಕಿತ್ತನು. 12 ರನ್ನುಗಳ ಗೆಲುವು. ನಾವು ಕುಣಿಯುತ್ತಿದ್ದರೆ ಆಯಿಯವರು ಮಾತ್ರ, “ಆ ಇಬ್ಬರ ತಾಯಿ ಇವತ್ತು ಯಾರ ಕಡೆ ಇದ್ದಳೋ” ಎಂದರು.

ಆದರೆ ಸ್ವಂತ ಮೈದಾನದಲ್ಲಿ? ಏಪ್ರಿಲ್ 2ರಂದು ಗುಜರಾತಿನವರು ಬಂದು ಗೆದ್ದುಹೋದರು. ಮೂರು ವಿಕೆಟ್ಟು ಕಿತ್ತವರು, ಏಳು ವರ್ಷ ನಮ್ಮ ತಂಡದಲ್ಲಿದ್ದು ಆ ವರ್ಷವೇ ಬೇರೆಯಾದ ಸಿರಾಜ್. 10ರಂದು ದೆಹಲಿಯವರು ಗೆದ್ದರು. ಔಟಾಗದೆ 93 ಹೊಡೆದವರು ನಮ್ಮವರೇ ಆದ ಕೆ. ಎಲ್. ರಾಹುಲ್, ಇದು ನನ್ನ ನೆಲವೆಂಬಂತೆ ಬ್ಯಾಟಿನಿಂದ ಗೆರೆಯೆಳೆದು ತೋರಿಸಿದರು. ಕೋಪಿಸಿಕೊಳ್ಳುವುದೋ ಹೆಮ್ಮೆಪಡುವುದೋ ತಿಳಿಯದೆ ಕುಳಿತೆವು. 18ರಂದು ಮಳೆಯಿಂದ 14 ಓವರಿಗೆ ಇಳಿದ ಪಂದ್ಯವೂ ಪಂಜಾಬಿನವರ ಪಾಲಾಯಿತು. ಇತ್ತ ಜಯಪುರದಲ್ಲಿ, ಚಂಡೀಗಢದ ಹತ್ತಿರದ ಮುಲ್ಲನಪುರದಲ್ಲಿ ಗೆಲುವಿನ ಮೇಲೆ ಗೆಲುವು! ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ಆಯಿಯವರು ಗಾದೆ ತೆಗೆದರು. ಪರವೂರಿನವರಿಗೂ ಇವರು ಉಪಕಾರವನ್ನೇನೂ ಮಾಡಿರಲಿಲ್ಲವೆಂದು ನಾವು ತಿದ್ದಿದೆವು.

ಏಪ್ರಿಲ್ 24ರಂದು ಬೆಂಗಳೂರಿನಲ್ಲಿ ರಾಜಸ್ಥಾನದವರೊಡನೆ ಪಂದ್ಯ. ನಮ್ಮವರ ಲೆಕ್ಕ 205. ಎದುರಾಳಿಗಳಿಗೆ ಕೊನೆಯ ಎರಡು ಓವರುಗಳಲ್ಲಿ 18 ರನ್ನು ಸಾಕಾಗಿತ್ತು. ಅಷ್ಟರಲ್ಲಿ ತೋಟದಾಚೆಯ ಗುಡ್ಡದ ಮೇಲೆ ಗುಡುಗಿ ಕರೆಂಟು ಹೋಯಿತು. ಮೊಬೈಲಿಗೆ ಮನೆಯೊಳಗೆ ಸಂಕೇತ ಸಿಕ್ಕುವುದಿಲ್ಲ. ಹುಡುಗನು ಟಾರ್ಚು ಹಿಡಿದು, ಹನಿಯುವ ಮಳೆಯಲ್ಲಿ ದಣಪೆ ದಾಟಿ ಬೇಣಕ್ಕೆ ಓಡಿದನು. ಇನ್ನೊಂದು ಸೋಲೆಂದು ನಾವು ದೀಪದ ಬೆಳಕಿನಲ್ಲಿ ಹಾಸಿಗೆ ಬಿಡಿಸತೊಡಗಿದ್ದೆವು. ಬಹಳ ಹೊತ್ತಾದ ಮೇಲೆ ಅವನು ಅಂಗಳದಿಂದಲೇ ಕೂಗಿದನು: ಹೇಜಲ್‌ವುಡ್ಡನು ಒಂದು ಓವರಿನಲ್ಲಿ ಒಂದೇ ರನ್ನು ಕೊಟ್ಟು ಎರಡು ವಿಕೆಟ್ಟು ತೆಗೆದನಂತೆ, ಮನೆಯಲ್ಲಿಯೂ ಗೆದ್ದೆವಂತೆ. ಆಯಿಯವರು ಎದ್ದು ಬಂದು, ಮೊದಲು ತಲೆ ಒರೆಸಿಕೋ ಎಂದು ಅವನ ಕೈಗೆ ಪಂಚೆ ಕೊಟ್ಟು, ಎಷ್ಟು ರನ್ನಿನಿಂದ ಗೆದ್ದರೆಂದು ಕೇಳಿದರು.